ಮೈಕು ನುಂಗಿದ ಎಳ್ಳು

ಈ ಶನಿವಾರ ಮಂಗಳಾರತಿಯ ತನಕ ಒಬ್ಬ ಭಕ್ತನೂ ಎದ್ದು ಹೋಗಕೂಡದು! ಹೀಗೆಂದು ತುರ್ವಿಹಾಳದ ಗ್ಯಾನಪ್ಪನವರು ಹನುಮಪ್ಪನ ಗುಡಿಯ ಕಂಬ ಮುಟ್ಟಿ ಸಂಕಲ್ಪ ಮಾಡಿದರು. ಹನ್ನೆರಡು ವರ್ಷಗಳಲ್ಲಿ ಅವರ ಪ್ರವಚನವನ್ನು ಪೂರ್ತಿ ಕೇಳಿದವರು ಇಬ್ಬರೇ: ಸಾಕ್ಷಾತ್ ಹನುಮಪ್ಪ ಮತ್ತು ಮೈಕಿನ ಖಾಜಾಸಾಬ್. ಇಬ್ಬರಿಗೂ ಎದ್ದು ಹೋಗುವ ಅನುಕೂಲವಿರಲಿಲ್ಲ.

ಈ ಸಲದ ಬ್ರಹ್ಮಾಸ್ತ್ರ, ಸ್ವಂತ ರಚನೆಯ ನೀತಿಕಥೆ. ಸಾಲಿಗೊಂದು ನುಡಿಗಟ್ಟು! ಮೊದಲು ಪತ್ನಿ ಗದ್ದೆಮ್ಮನಿಗೆ ಓದಿ ಹೇಳಿದರು.

“ಅಲ್ರೀ, ‘ದುರಾಸೆ ಬಿಟ್ಟ’ ಅಂದ್ರ ಸಾಲಂಗಿಲ್ಲೇನು? ‘ಎಳ್ಳುನೀರು ಬಿಟ್ಟ’ ಅಂತ ಯಾಕ ಬೇಕು?”

“ನುಡಿಗಟ್ಟಿಲ್ಲದ ಕಥಿ ಉಪ್ಪಿಲ್ಲದ ಸಾರಿದ್ದಂಗ. ನೋಡ್ತಿರು, ಇವತ್ತ ನನ್ನ ಬೇಳಿ ಬೇಯ್ತೈತಿ!”

“ಮನ್ಯಾಗಿನ ಬೇಳಿ ಸಣ್ಣ ಉರಿಮ್ಯಾಲ ಇಟ್ಟು ಬರ್ತೀನಿ. ಕೊನೀತನಕ ಕುಂದರ್ತೀನಿ, ಹನುಮಪ್ಪನ ಆಣಿ.”

ಸಂಜೆ ಗುಡಿ ತುಂಬಿತು. ಎಂಟು ದಿನಗಳಿಂದ ಕಾಲುವೆ ಬತ್ತಿತ್ತು. ಭತ್ತದ ಸಸಿ ಹಾಕಿದ ಊರೆಲ್ಲ ನೀರಿನ ಪಾಳಿಗೆ ಕಾದಿತ್ತು. ಗ್ಯಾನಪ್ಪನವರು ಕಥೆಯ ಶಿಖರವೇರಿ, ಎದೆ ತುಂಬ ಉಸಿರೆಳೆದು ಗುಡುಗಿದರು: “ಆಗ ಆತನು ತನ್ನ ದುರಾಸೆಗೆ ಎಳ್ಳು...”

ಕುಂಯ್ಯ್! ಮೈಕು ಎಳ್ಳನ್ನು ನುಂಗಿತು. ಊರ ನಾಲ್ಕೂ ದಿಕ್ಕಿಗೆ ಮೊಳಗಿದ್ದು ಇಷ್ಟೇ: “...ನೀರು ಬಿಟ್ಟ! ನೀರು ಬಿಟ್ಟೇ ಬಿಟ್ಟ!” ಭಗವಂತ ಭಕ್ತನ ಅಹಂಕಾರವನ್ನು ಒಂದು ಹರಕು ವೈರಿನಿಂದಲೂ ಇಳಿಸಬಲ್ಲ!

ಮೊದಲ ಸಾಲಿನಲ್ಲಿ ತೂಕಡಿಸುತ್ತಿದ್ದ ಬಸ್ಸಪ್ಪ ಚಂಗನೆ ಎದ್ದ. “ಲೇ ದುರುಗೇಶ, ಕಾಲುವೀಗೆ ನೀರ ಬಿಟ್ಟಾರಂತ! ಸಲಿಕಿ ತಗೊಂಡು ಓಡಲೇ!”

“ಅದು ಎಳ್ಳುನೀರಪ್ಪೋ! ಅಲಂಕಾರ, ಬರೇ ಅಲಂಕಾರ!” ಎಂದು ಗ್ಯಾನಪ್ಪನವರು ಕೂಗಿದರು.

“ಅಲಂಕಾರ ಆಮ್ಯಾಲ ಮಾಡ್ರಿ ಮುತ್ಯಾ, ಹನುಮಪ್ಪ ಎಲ್ಲೂ ಹೋಗಂಗಿಲ್ಲ!” ಎನ್ನುತ್ತ ದುರುಗೇಶನೂ ಓಡಿದ. ಹಿಂದೆಯೇ ಇಡೀ ಸಭೆ. ಕಣ್ಣರಳಿಸಿ ನೋಡಿದರೆ, ಎಲ್ಲರಿಗಿಂತ ಮುಂದೆ ಸೆರಗು ಬಿಗಿದು ಓಡುತ್ತಿರುವಾಕೆ ಗದ್ದೆಮ್ಮ!

ಗುಡಿಯಲ್ಲಿ ಉಳಿದವರು ಮತ್ತದೇ ಇಬ್ಬರು.

“ಮಂಗಳಾರತಿ ಯಾವಾಗ್ರೀ?” ಎಂದು ಖಾಜಾಸಾಬ್ ವೈರು ಸುತ್ತುತ್ತ ಕೇಳಿದ.

ಉತ್ತರ ಮನೆಯಲ್ಲಿ ಕಾದಿತ್ತು. ಒಣ ಕಾಲುವೆ ನೋಡಿ ಬಂದ ಗದ್ದೆಮ್ಮ ಸಲಿಕೆಯೊಂದಿಗೇ ಬಾಗಿಲಲ್ಲಿ ನಿಂತಿದ್ದಳು. ಒಳಗಿನಿಂದ ಸೀದ ವಾಸನೆ.

“ಬೇಳಿ... ಬೆಂದೈತೇನು?” ಎಂದರು ಗ್ಯಾನಪ್ಪನವರು ಮೆಲ್ಲಗೆ.

“ಬೆಂದು, ಕರಕಾಗಿ, ಬೋಗಾಣಿಗೆ ಹತ್ತೈತಿ! ಕುಂದರ್ರಿ ಇಲ್ಲಿ. ಮಂಗಳಾರತಿ ಈಗ ಶುರು. ಮುಗಿಯೂತನಕ ಏಳಂಗಿಲ್ಲ!”

ಗ್ಯಾನಪ್ಪನವರು ಕುಳಿತರು. ಅಂದು ಆ ಮನೆಯ ಪ್ರವಚನವೊಂದನ್ನು ಶ್ರೋತೃವೊಬ್ಬರು ಕೊನೆಯ ಅಕ್ಷರದವರೆಗೂ ಅಲುಗಾಡದೆ ಕೇಳಿದರು.