ಮೈಮೇಲಿದ್ದದ್ದಕ್ಕೆ ತೂಕವಿಲ್ಲ

ವಿಮಾನ ಕಂಡುಹಿಡಿದವನು ಯಾರೋ ನನಗೆ ತಿಳಿಯದು. ಆದರೆ ಅವನ ಮಗಳು ಪರದೇಶದಲ್ಲಿ ಚೊಚ್ಚಲ ಬಸುರಿಯಾಗಿರಲಿಲ್ಲ ಎಂದು ಮಾತ್ರ ಆಣೆ ಇಟ್ಟು ಹೇಳಬಲ್ಲೆ. ಆಗಿದ್ದಿದ್ದರೆ ಹೆತ್ತ ತಾಯಿ ಇಪ್ಪತ್ತೇ ಕಿಲೋ ಹೊತ್ತು ಹೋಗಬೇಕೆಂಬ ಕಾನೂನು ಹುಟ್ಟುತ್ತಲೇ ಇರಲಿಲ್ಲ.

ಸಾವಿರದ ಒಂಬೈನೂರ ಅರವತ್ತನಾಲ್ಕನೇ ಇಸವಿಯ ಮಾತು. ನನ್ನ ಮಗಳು ಜಗದಾಂಬನ ಗಂಡ ಇಂಗ್ಲೆಂಡಿನ ಬ್ರಾಡ್‌ಫರ್ಡ್ ಎಂಬ ಊರಿನ ಉಣ್ಣೆ ಮಿಲ್ಲಿನಲ್ಲಿದ್ದ. (ನಮ್ಮ ಬರಗೂರಿನ ಸುತ್ತ ಇಷ್ಟು ಕುರಿ ಇರುವಾಗ ಉಣ್ಣೆ ಹುಡುಕಿಕೊಂಡು ಅಷ್ಟು ದೂರ ಯಾಕೆ ಎಂದು ಮದುವೆಯಲ್ಲೇ ಕೇಳಿದ್ದೆ. ಬೀಗರು ಕೇಳಿಸದವರಂತೆ ಪಾಯಸ ಕುಡಿದರು.) ಅವಳಿಗೆ ದಿನ ತುಂಬುತ್ತಾ ಬಂದಿತ್ತು. ಆ ದೇಶದಲ್ಲಿ ಹೆತ್ತ ಮಾರನೇ ದಿನವೇ ಬಾಣಂತಿಗೆ ತಣ್ಣನೆ ಹಾಲು, ಬ್ರೆಡ್ಡು ಕೊಡುತ್ತಾರೆಂದು ಕಾಗದ ಬರೆದಳು. ಅದನ್ನು ಓದಿ ನನಗೇ ಸನ್ನಿ ಬಂದಂತಾಯಿತು. ಮೆಣಸಿಲ್ಲ, ಬೆಳ್ಳುಳ್ಳಿಯಿಲ್ಲ, ಬಾಣಂತಿ ಖಾರವಿಲ್ಲ! ನನ್ನ ಮಗಳು ಬದುಕಿ ಉಳಿಯುವುದು ಹೇಗೆ?

ಅಳಿಯ ಟಿಕೆಟ್ಟು ಕಳಿಸಿದ. ಜೊತೆಗೆ ಒಂದು ಹಾಳೆ ತುಂಬ ಕಾನೂನು. ಪೆಟ್ಟಿಗೆ ಇಪ್ಪತ್ತು ಕಿಲೋ ಮೀರಬಾರದು. ಅದರ ಮೇಲೆ ತೂಗದೆ ಕೈಯಲ್ಲಿ ಒಯ್ಯಬಹುದಾದದ್ದು: ಹೆಂಗಸರ ಒಂದು ಕೈಚೀಲ, ಒಂದು ಓವರ್‌ಕೋಟು ಅಥವಾ ಕಂಬಳಿ, ಒಂದು ಕೊಡೆ ಅಥವಾ ಊರುಗೋಲು, ದಾರಿಯಲ್ಲಿ ಓದಲು ಪುಸ್ತಕ, ದಾರಿಯಲ್ಲಿ ಕೂಸಿಗೆ ಬೇಕಾಗುವ ಆಹಾರ.

ನಾನು ಎರಡನೇ ಕ್ಲಾಸಿನವರೆಗೆ ಓದಿದವಳು. ಒಂದೊಂದೇ ಅಕ್ಷರ ಕೂಡಿಸಿಕೊಂಡು ಆ ಹಾಳೆಯನ್ನು ಏಳು ಸಲ ಓದಿದೆ. ಓದಿದಷ್ಟೂ ತಲೆ ಕೆಟ್ಟಿತು. ಆಗಿನ್ನೂ ಕಿಲೋ ಹೊಸದು, ನಮ್ಮ ಕೈ ಸೇರಿಗೆ ಒಗ್ಗಿದ್ದು.

"ಏನಂದ್ರೆ, ನಾನು ಪುಸ್ತಕ ಓದಾಕಿಲ್ವಲ್ಲ, ಅದರ ತೂಕಕ್ಕೆ ಮೆಣಸಿನ ಪುಡಿ ಒಯ್ಬೋದಾ?" ಎಂದು ನಮ್ಮ ಯಜಮಾನರನ್ನು ಕೇಳಿದೆ.

"ವಿಮಾನದೋರು ಪುಡಿ ಓದ್ತಾರಾ?" ಎಂದರು.

"ಊರುಗೋಲು ಬೇಡ. ಅದರ ಬದಲು ಒಂದು ಒನಕೆ?"

"ಒನಕೆ ಹಿಡ್ಕೊಂಡು ಹತ್ತಿದ್ರೆ ಅವರೇ ಇಳಿದು ಓಡ್ತಾರೆ ಕಣೇ."

"ಹೋಗ್ಲಿ, ಕೂಸಿನ ಆಹಾರ ಅಂತ ಬರ್ದೈತಲ್ಲ. ರಾಗಿ ಹುರಿಹಿಟ್ಟು ಕೂಸಿಂದೇ ಅಲ್ವಾ?"

"ಕೂಸು ಎಲ್ಲೈತೆ?"

"ನಾನು ಹೋಗೋ ಹೊತ್ಗೆ ಹುಟ್ಟಿರ್ತೈತೆ."

"ದಾರೀಲಿ ಅಂತ ಬರ್ದೈತೆ ಕಣೇ, ದಾರೀಲಿ!" ಎಂದು ಹಾಳೆಯನ್ನು ನನ್ನ ಮೂಗಿಗೇ ಹಿಡಿದರು. ದಾರಿಯಲ್ಲಿ ಕೂಸು ಎಲ್ಲಿಂದ ತರಲಿ?

ಕೊನೆಗೆ ಇಬ್ಬರೂ ಬಸ್ಸು ಹಿಡಿದು ಶಿರಾಕ್ಕೆ ಹೋದೆವು. ಅಲ್ಲಿ ದರ್ಜಿ ಬಾಷಾ ಸಾಬರು ಹಜ್ ಮಾಡಿ ಬಂದವರು, ಪರದೇಶದ ವಿಚಾರದಲ್ಲಿ ಇಡೀ ತಾಲ್ಲೂಕಿಗೆ ಅವರದೇ ಸುಪ್ರೀಂ ಕೋರ್ಟು. ಹಾಳೆಯಲ್ಲಿದ್ದದ್ದನ್ನು ಕೇಳಿಸಿಕೊಂಡು, ಟೇಪನ್ನು ಕೊರಳಿಗೆ ಹಾಕಿಕೊಂಡು ನಕ್ಕರು.

"ಅಕ್ಕಾ, ಇಷ್ಟಕ್ಕೇ ಪರೇಶಾನಾ? ಪೆಟ್ಟಿಗೆ ತೂಗ್ತಾರೆ, ಚೀಲ ತೂಗ್ತಾರೆ. ಮೈಮೇಲಿದ್ದಿದ್ದು ಬಿಲ್ಕುಲ್ ತೂಗಲ್ಲ. ಉಟ್ಟ ಬಟ್ಟೆ ಬಿಚ್ಚಿ ಕೊಡಿ ಅಂತ ಯಾರು ಕೇಳ್ತಾರೆ?"

ಮೈಮೇಲಿದ್ದದ್ದಕ್ಕೆ ತೂಕವಿಲ್ಲ! ನನಗೆ ಜ್ಞಾನೋದಯವಾಯಿತು. ಹೆಂಗಸಿನ ಮೈಮೇಲೆ ದೇವರು ಕೊಟ್ಟ ಚೀಲವೊಂದಿದೆ. ಅದೇ ಮಡಿಲು. ಮಡಿಲಕ್ಕಿ ಕಟ್ಟಿಕೊಂಡು ಹೊರಟವಳು ಅದನ್ನು ದಾರಿಯಲ್ಲಿ ಬಿಚ್ಚಬಾರದು, ನೆಲಕ್ಕಿಡಬಾರದು, ಕಬ್ಬಿಣದ ತಕ್ಕಡಿಗಂತೂ ಸೋಕಿಸಲೇಬಾರದು ಎಂದು ನಮ್ಮತ್ತೆ ಹೇಳುತ್ತಿದ್ದರು. ವಿಮಾನದ ಕಾನೂನಿಗಿಂತ ನಮ್ಮತ್ತೆಯ ಕಾನೂನು ಹಳೆಯದು.

ಹೊರಡುವ ದಿನ ಪಕ್ಕದ ಮನೆಯ ಹೊನ್ನಕ್ಕನ ಮುಂದಾಳುತನದಲ್ಲಿ ನಮ್ಮ ಬೀದಿಯ ಹೆಂಗಸರೆಲ್ಲ ಬಂದರು. ಜಗದಾಂಬನಿಗೆ ತವರಿನಲ್ಲಿ ಬಯಕೆ ಊಟ ಆಗಿರಲಿಲ್ಲವಲ್ಲ, ಅವಳ ಬದಲು ನನ್ನ ಮಡಿಲನ್ನೇ ತುಂಬಿದರು. ಬಾಷಾ ಸಾಬರು ಹೊಲಿದುಕೊಟ್ಟ, ಸೊಂಟಕ್ಕೆ ಬಿಗಿಯುವ ದಟ್ಟಿಯ ಚೀಲದಲ್ಲಿ ಕೆಳಗೆ ಹುರಿಹಿಟ್ಟು, ನಡುವೆ ಬೆಳ್ಳುಳ್ಳಿ, ಖಾರದ ಪುಡಿ, ಬೆಲ್ಲ, ಬಜೆ. ಮೇಲೆ ಅಕ್ಕಿ ಮತ್ತು ಕೊಬ್ಬರಿ ಗಿಟುಕು. ಅದರ ಮೇಲೆ ಸೀರೆ, ಸೀರೆಯ ಮೇಲೆ ಕರಿಕಂಬಳಿ.

"ಅಕ್ಕಾ, ಬಗ್ಗಬ್ಯಾಡ, ಸೀನಬ್ಯಾಡ, ಯಾರ್ ಕೂಡ್ಲೂ ಜಗಳ ಆಡಬ್ಯಾಡ" ಎಂದಳು ಹೊನ್ನಕ್ಕ. ಮೊದಲಿನ ಎರಡು ಹೇಗೋ ಆಗುತ್ತಿತ್ತು.

ಬೊಂಬಾಯಿಗೆ ಹೋಗುವ ರೈಲಿನಲ್ಲಿ, ಪುಣೆ ದಾಟಿದ ಮೇಲೆ, ನಮ್ಮ ಯಜಮಾನರಿಗೆ ಏನೋ ನೆನಪಾಯಿತು.

"ಲೇ, ಬಾಷಾ ಸಾಬ್ರು ಹಜ್‌ಗೆ ಹೋಗಿದ್ದು ಹಡಗಲ್ಲಿ ಕಣೇ."

"ಹಡಗಾದ್ರೇನು, ವಿಮಾನ ಆದ್ರೇನು? ಮೈ ಮೈಯೇ ಅಲ್ವಾ?" ಎಂದೆ. ಆದರೂ ಕಂಬಳಿಯನ್ನು ಇನ್ನಷ್ಟು ಎಳೆದು ಹೊದ್ದುಕೊಂಡೆ.

ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ತೂಗಿದರು. ಮುಳ್ಳು ಸರಿಯಾಗಿ ಇಪ್ಪತ್ತಕ್ಕೆ ನಿಂತಿತು. ನಾನು ಬೀಗಿದೆ. ಬೀಗಿದ್ದೇ ತಪ್ಪಾಯಿತು, ಕಂಬಳಿ ಜಾರಿತು. ಮೇಜಿನ ಹಿಂದಿದ್ದ ಹೆಂಗಸು ನನ್ನ ಹೊಟ್ಟೆಯನ್ನು ನೋಡಿದಳು. ಮುಖ ನೋಡಿದಳು. ನರೆತ ಕೂದಲು ನೋಡಿದಳು. ಮತ್ತೆ ಹೊಟ್ಟೆ ನೋಡಿ, ಒಳಗಿನಿಂದ ಧಾರವಾಡದ ಕಡೆಯ ಒಬ್ಬ ಹುಡುಗಿಯನ್ನು ಕರೆಸಿದಳು.

"ಎಷ್ಟನೇ ತಿಂಗಳ ಐತ್ರೀ ಅವ್ವಾರ?" ಎಂದು ಅವಳು ಮೆಲ್ಲಗೆ ಕೇಳಿದಳು.

ನಾನು ಜಾರಿದ ಕಂಬಳಿಯನ್ನು ಮೇಲೆಳೆದುಕೊಂಡೆ.

"ತುಂಬು ಬಸುರೇರನ್ನ ವಿಮಾನಕ್ಕ ಹತ್ತಸಂಗಿಲ್ರಿ. ಡಾಕ್ಟರ ಚೀಟಿ ಐತೇನ್ರೀ?"

ಕೈಚೀಲದ ಕಾನೂನು ಓದಿದ್ದೆ, ಕಂಬಳಿಯದು ಓದಿದ್ದೆ. ಇಂಥದ್ದೊಂದು ಕಾನೂನು ಇದೆಯೆಂದು ಅಳಿಯ ಬರೆದಿರಲೇ ಇಲ್ಲ. ಬರೆಯುತ್ತಾನಾದರೂ ಯಾಕೆ? ನನಗೆ ಆಗ ನಲವತ್ತೆಂಟು ವರ್ಷ! ಬಸುರಿ ಎಂದರೆ ಹತ್ತಿಸುವುದಿಲ್ಲ. ಅಲ್ಲ ಎಂದರೆ ಮಡಿಲು ಬಿಚ್ಚಬೇಕು.

ಹುಡುಗಿ ಯಜಮಾನರ ಕಡೆ ತಿರುಗಿದಳು. "ನೀವರ ಹೇಳ್ರೀ ಸಾಹೇಬ್ರ, ಇದು ಹೆಂಗ?"

ಅವರು ಒಮ್ಮೆ ನನ್ನನ್ನು, ಒಮ್ಮೆ ಮೇಲಿನ ಫ್ಯಾನನ್ನು ನೋಡಿ, "ನಂಗೇನೂ ಗೊತ್ತಿಲ್ಲ ಕಣಮ್ಮ" ಎಂದುಬಿಟ್ಟರು! ಗಂಡನಾದವನು ಆಡುವ ಮಾತೇ ಅದು? ಸಾಲಿನಲ್ಲಿ ನಿಂತವರೆಲ್ಲ ನನ್ನನ್ನೇ ನೋಡಿದರು.

ಒಬ್ಬ ಲೇಡಿ ಡಾಕ್ಟರು ಬಂದು ನನ್ನನ್ನು ಪಕ್ಕದ ಕೋಣೆಗೆ ಕರೆದೊಯ್ದಳು. ಹೊಟ್ಟೆಯ ಮೇಲೆ ಕೈಯಿಟ್ಟು ಹುಬ್ಬು ಗಂಟಿಕ್ಕಿದಳು. ಬೆರಳಿನಿಂದ ತಟ್ಟಿದಳು. ಟಕ್ ಟಕ್ ಎಂದಿತು. ಅವಳ ಓದಿನಲ್ಲಿ ಅಂಥ ಕೂಸು ಬಂದಿರಲಿಲ್ಲವೆಂದು ಕಾಣುತ್ತದೆ, ಒಂದು ಹೆಜ್ಜೆ ಹಿಂದೆ ಸರಿದಳು. ಅಷ್ಟರಲ್ಲಿ ಖಾರದ ಪುಡಿಯ ಘಾಟು ಮೂಗಿಗೆ ಹತ್ತಿ ನಾನು ಸೀನಿದೆ. ದಟ್ಟಿ ಪಟ್ಟನೆ ಬಿಟ್ಟಿತು.

ಹಾಗೆ ಬೊಂಬಾಯಿಯಲ್ಲಿ ನನಗೆ ಹೆರಿಗೆಯಾಯಿತು. ಒಂಬತ್ತು ಕೊಬ್ಬರಿ ಗಿಟುಕು, ಹಿಂದೆಯೇ ಬೆಳ್ಳುಳ್ಳಿ ಗೊಂಚಲು, ಅದರ ಹಿಂದೆ ಬೆಲ್ಲ. ಡಾಕ್ಟರಮ್ಮ ಬಿದ್ದು ಬಿದ್ದು ನಗುತ್ತ ಗಿಟುಕುಗಳನ್ನು ಅಂಗೈಯಲ್ಲಿ ಹಿಡಿದಳು. ಒಂದನ್ನೂ ನೆಲಕ್ಕೆ ಬೀಳಿಸಲಿಲ್ಲ. ಅವಳ ಹೊಟ್ಟೆ ತಣ್ಣಗಿರಲಿ.

ಎಲ್ಲವನ್ನೂ ತಕ್ಕಡಿಗೆ ಹಾಕಿ ಎಂದರು. ಮಡಿಲಕ್ಕಿ ಕಬ್ಬಿಣಕ್ಕೆ ಸೋಕಬಾರದೆಂದು ನಾನು ಕೆಳಗೆ ಕಂಬಳಿ ಹಾಸಿದೆ. ಪುಕ್ಕಟೆ ಹೋಗಬೇಕಾಗಿದ್ದ ಕಂಬಳಿಯ ತೂಕವೂ ಸೇರಿ ಒಂಬತ್ತು ಕಿಲೋ ಬಂತು.

"ಇಷ್ಟು ಇಲ್ಲೇ ಬಿಡ್ರೀ ಅವ್ವಾರ" ಎಂದಳು ಹುಡುಗಿ.

"ಇದ್ನಾ? ನನ್ನ ಮಗಳು ತಣ್ಣೀರು ಕುಡ್ಕೊಂಡು ನಡುಗಲಾ?"

ಪೆಟ್ಟಿಗೆ ತೆರೆದೆ. ನನ್ನ ಸೀರೆಗಳು, ಕುಪ್ಪಸಗಳು, ಚಪ್ಪಲಿ, ಹಿತ್ತಾಳೆ ಚೊಂಬು ಎಲ್ಲವನ್ನೂ ಯಜಮಾನರ ತೋಳಿಗೆ ಹೇರಿದೆ. ಉಟ್ಟ ಸೀರೆಯಲ್ಲೇ, ಒಂದು ಬಾಣಂತನದ ಸಾಮಾನಿನೊಂದಿಗೆ ವಿಮಾನ ಹತ್ತಿದೆ. ಹುರಿಹಿಟ್ಟಿನ ಒಂದು ಚಿಟಿಕೆಯನ್ನೂ ಬಿಡಲಿಲ್ಲ. ಜಗದಾಂಬನಿಗೆ ಹೆಣ್ಣು ಕೂಸಾಯಿತು. ಖಾರ ತಿಂದು ಮೂರನೇ ವಾರಕ್ಕೆ ಗುಂಡುಕಲ್ಲಾದಳು.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಯಜಮಾನರು ನನ್ನ ಸೀರೆಗಂಟು ಹೊತ್ತು ಒಬ್ಬರೇ ಊರಿಗೆ ಹೋದರಲ್ಲ! ಹೆಂಡತಿ ಬಟ್ಟೆಯಿಲ್ಲದೆ ಹೋದದ್ದೇಕೆಂದು ಬೀದಿಯೇ ಕೇಳಿತು. ಅವರು ಮೊದಲಿನಿಂದ ಹೇಳಲು ಶುರುಮಾಡಿ, "ತುಂಬಿದ ಬಸುರಿ ಅಂತ ಹಿಡ್ಕೊಂಡ್ರು, ಡಾಕ್ಟ್ರು ಬಂದ್ರು" ಎನ್ನುವಷ್ಟರಲ್ಲಿ ಹೊನ್ನಕ್ಕ ಎದ್ದು ನಾಲ್ಕು ಮನೆ ದಾಟಿದ್ದಳು. ಉಳಿದ ಅರ್ಧ ಕಥೆ ಕೇಳಲು ಯಾರೂ ಕೂರಲಿಲ್ಲ. ಒಳಗಿನ ಬಸುರು ಮುಚ್ಚಲೆಂದೇ ನಾನು ಮೇಲೆ ಮಡಿಲು ತುಂಬಿಸಿಕೊಂಡೆನೆಂದು ಅದನ್ನು ತುಂಬಿದವರೇ ಲೆಕ್ಕ ಹಾಕಿದರು. ಆರು ತಿಂಗಳ ಮೇಲೆ ನಾನು ಬರಿಗೈಯಲ್ಲಿ ಬಸ್ಸಿಳಿದಾಗ ಯಾರೂ ಏನೂ ಕೇಳಲಿಲ್ಲ. ಕೇಳದಿದ್ದದ್ದೇ ಹೆಚ್ಚು ಹೆದರಿಸಿತು.

ಈಗ ಸಾಕ್ಷಿ ಹೇಳಬೇಕಾದ ಯಜಮಾನರು ತೀರಿಕೊಂಡು ಹತ್ತು ವರ್ಷ. ಹೋದ ಯುಗಾದಿಗೆ, ಆಗ ಹುಟ್ಟಿದ್ದ ಜಗದಾಂಬನ ಮಗಳು ಬ್ರಾಡ್‌ಫರ್ಡಿನಿಂದ ಬಂದಿದ್ದಳು. ಪ್ಯಾಂಟು ಹಾಕಿಕೊಂಡು ಬೀದಿ ತುಂಬ ಓಡಾಡಿ, "ಅಜ್ಜಿ, ಅಜ್ಜಿ" ಎಂದು ನನ್ನ ಕೊರಳಿಗೆ ಜೋತುಬಿದ್ದಳು. ಹೊನ್ನಕ್ಕ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡು, ನನ್ನ ಕಿವಿಯಲ್ಲಿ ಹೇಳಿದಳು:

"ಪಾಪ, ಹೆತ್ತ ತಾಯ್ನ ಅಜ್ಜಿ ಅಂತ ಕರೆಯೋ ಹಂಗೆ ಕಲ್ಸಿಬುಟ್ಟವ್ರಲ್ಲಕ್ಕಾ!"