ಕೌದಿ ಹೊದ್ದ ಜೀಪು

ನಮ್ಮ ಬೀಗರಿಗೆ ತಲೆ ಕೆಟ್ಟಿದೆ ಎಂದು ನಾನು ಹೇಳುವುದಿಲ್ಲ. ಹೇಳುವ ಅಗತ್ಯವೇ ಇಲ್ಲ, ಅವರ ಜೀಪಿನ ಬಾಗಿಲು ತೆರೆದು ನೋಡಿದರೆ ಸಾಕು! ಜನ ಚಳಿಗೆ ತಾವು ಕೌದಿ ಹೊದೆಯುತ್ತಾರೆ. ನಮ್ಮ ಬೀಗರು ಕಬ್ಬಿಣಕ್ಕೆ ಹೊದಿಸುತ್ತಾರೆ. ಸ್ಟೇರಿಂಗಿನ ಮುಂದಿನ ತಗಡಿಗೆ ಕೌದಿ, ಎರಡೂ ಬದಿಯ ಕಂಬಗಳಿಗೆ ಕೌದಿ, ತಲೆಯ ಮೇಲಿನ ಸರಳಿಗೆ ಕೌದಿ, ಮುಂದಿನ ಸೀಟಿನ ಬೆನ್ನಿಗಂತೂ ಎರಡು ಪದರ. ಒಳಗೆ ಕೂತರೆ ಜೀಪಿನಲ್ಲಿ ಕೂತಿದ್ದೇವೋ, ಯಾರದೋ ಮನೆಯ ಹಾಸಿಗೆ ಗಂಟಿನಲ್ಲಿ ಸಿಕ್ಕಿಕೊಂಡಿದ್ದೇವೋ ತಿಳಿಯುವುದಿಲ್ಲ.

ಬೀಗರೆಂದರೆ ನನ್ನ ಮಗಳ ಮಾವ. ಅವರದು ಸುರಪುರ, ನಮ್ಮದು ಶಹಾಪುರ. ನಡುವೆ ಒಂದು ರಸ್ತೆ. ಆ ರಸ್ತೆಯಲ್ಲಿ ಮಗಳನ್ನು ಗಂಡನ ಮನೆಗೆ ಕಳಿಸುವಾಗ ನಾನು ಅತ್ತೆನೇ ಹೊರತು ಹೈರಾಣಾಗಲಿಲ್ಲ. ಹೈರಾಣಾದದ್ದು ಮೊಮ್ಮಗಳನ್ನು ಕಳಿಸುವಾಗ.

ಮೊಮ್ಮಗಳ ವಿಷಯ ಬರೆಯಲು ಕೂತರೆ ಬೀಗರಿಗೆ ಜಾಗವೇ ಉಳಿಯುವುದಿಲ್ಲ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟ ನನ್ನಂಥವಳ ಕೈಯಲ್ಲಿ ಅಷ್ಟು ಸಂತೋಷ ಹಿಡಿಸುವುದೂ ಇಲ್ಲ. ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ: ಅವಳು ಆಕಳಿಸಿದರೆ ನಮ್ಮ ಓಣಿಗೆಲ್ಲ ಬೆಳಕಾಗುತ್ತದೆ. ಸುಳ್ಳೆನ್ನುವವರು ಬಂದು ನೋಡಲಿ!

ಕೂಸು ಹುಟ್ಟಿದ ದಿನ ಬೀಗರು ಆಸ್ಪತ್ರೆಗೆ ಬಂದರು. ಎಲ್ಲರೂ ಮೂಗು ಯಾರದು, ಬಣ್ಣ ಯಾರದು ಎಂದು ಜಗಳಾಡುತ್ತಿದ್ದೆವು. ಅವರು ಮುಖವನ್ನೇ ನೋಡಲಿಲ್ಲ. ತಲೆಯ ಮೇಲೆ ಬೆರಳಿಟ್ಟು ಬೆವರಿದರು.

“ಅಕ್ಕಾರ, ಇಲ್ಲಿ ಎಲುಬಽ ಇಲ್ಲಲ್ರಿ. ನೆತ್ತಿ ಮೆತ್ತಗ ಬಡಕೊಳ್ಳಾಕತ್ತದ.”

“ಎಲ್ಲಾ ಕೂಸಿಗೂ ಹಂಗಽ ಇರತದ್ರಿ ಬೀಗರ. ನಿಮಗೂ ಇತ್ತು. ಮುಂದ ಕೂಡ್ಕೋತದ,” ಎಂದೆ. ಅವರದು ಕೂಡಿಕೊಂಡಿದೆಯೋ ಇಲ್ಲವೋ ಎಂಬ ಅನುಮಾನ ನನಗೆ ಬಂದದ್ದು ಆಮೇಲೆ.

ಅವರು ನೇರ ಹೊರಗೆ ಹೋಗಿ, ನಿಂತ ತಮ್ಮ ಹಳೆಯ ಜೀಪಿನ ಮುಂಭಾಗದ ತಗಡಿಗೆ ಮುಷ್ಟಿಯಿಂದ ಗುದ್ದಿದರು. ಕೈ ನೋವಾಯಿತು. ನೋವಾದ ಕೈಯನ್ನು ಊದಿಕೊಳ್ಳುತ್ತ ಒಳಗೆ ಬಂದು, ಈ ಕಬ್ಬಿಣಕ್ಕೆ ಏನಾದರೂ ಮಾಡುವತನಕ ಕೂಸು ಜೀಪು ಹತ್ತಕೂಡದು ಎಂದು ಅಪ್ಪಣೆ ಕೊಟ್ಟರು. ಬೇರೆ ಬಾಡಿಗೆ ಗಾಡಿ ತರೋಣವೆಂದರೆ, ಅದರಲ್ಲಿ ಇರುವುದೂ ಕಬ್ಬಿಣವೇ ಅಲ್ಲವೇ ಎಂದರು.

ಮೊದಲು ಹತ್ತಿ ಬಂತು. ನಮ್ಮ ಶಹಾಪುರದಲ್ಲಿ ಹತ್ತಿಗೇನು ಬರ! ಬೀಗರು ಹತ್ತಿ ತುಂಬಿದ ಗಾದಿ ಹೊಲಿಸಿಕೊಂಡು ನಮ್ಮ ಅಂಗಳಕ್ಕೇ ಬಂದು ಪರೀಕ್ಷೆಗೆ ಇಳಿದರು. ಕಬ್ಬಿಣದ ತಗಡಿನ ಮೇಲೆ ಗಾದಿ, ಮಾಳಿಗೆಯ ಮೇಲೆ ಬೀಗರು, ಅವರ ಕೈಯಲ್ಲಿ ಕೂಸಿನ ತಲೆಯ ಬದಲಿಗೆ ತೆಂಗಿನಕಾಯಿ. ಕಾಯಿ ಬಿತ್ತು. ಗಾದಿ ಚಪ್ಪಟೆಯಾಗಿ, ಕಾಯಿ ತಗಡಿಗೇ ಬಡಿದು ಎರಡು ಹೋಳಾಯಿತು. ಹತ್ತಿಯ ಹೊಟ್ಟೆಯೊಳಗಿನ ಗಾಳಿ ಹೋದ ಮೇಲೆ ಅದೂ ಕಲ್ಲೇ ಎಂದು ಅವರು ಮೇಲಿಂದಲೇ ಸಾರಿದರು. ಮರುವಾರ ದಪ್ಪ ರಬ್ಬರು ತಂದರು. ಕಾಯಿ ಈ ಸಲ ಒಡೆಯಲಿಲ್ಲ, ಚೆಂಡಿನಂತೆ ಪುಟಿದು ನನ್ನ ನೀರಿನ ಕೊಡವನ್ನು ಒಡೆಯಿತು! ದೇವರ ಮುಂದೆ ಕಾಯಿ ಒಡೆದರೆ ನಾವು ಸಂತೋಷಪಡುತ್ತೇವೆ. ಕಾಯಿ ಒಡೆಯದಿರಲಿ ಎಂದು ಹರಕೆ ಹೊತ್ತ ಮನುಷ್ಯನನ್ನು ನಾನು ಕಂಡದ್ದು ಇದೇ ಮೊದಲು. ಹೀಗೆ ಪರೀಕ್ಷೆಯ ಮೇಲೆ ಪರೀಕ್ಷೆ, ಒಡೆದ ಕಾಯಿಗಳನ್ನು ಎಸೆಯಲಾಗುತ್ತದೆಯೇ? ಮನೆ ಮಂದಿಯೆಲ್ಲ ಕೊಬ್ಬರಿ ಚಟ್ನಿ ತಿಂದು ತಿಂದು, ಬೀಗರ ಜೀಪಿನ ಸದ್ದು ಕೇಳಿದರೆ ಬಾಯಿ ಮುಚ್ಚಿಕೊಳ್ಳತೊಡಗಿದೆವು.

ಆಮೇಲೆ ನಡೆದದ್ದು ಸುರಪುರದ ಇತಿಹಾಸದಲ್ಲೇ ನಡೆದಿರಲಿಕ್ಕಿಲ್ಲ. ನಾವು ಲಿಂಗ ಕಟ್ಟಿಕೊಂಡ ಮಂದಿ. ಬೀಗರು ಹಣೆಗೆ ಮೂರು ಬೆರಳಿನ ವಿಭೂತಿ ಬಳಿಯದೆ ನೀರು ಮುಟ್ಟುವುದಿಲ್ಲ. ಅಂಥವರು ಹಾಡಹಗಲೇ, ಬಜಾರಿನ ನಡುವೆ, ಕೋಳಿಯ ತತ್ತಿ ಜೋಡಿಸಿಡುವ ರಟ್ಟಿನ ತಟ್ಟೆಗಳ ಹೊರೆಯನ್ನು ತಲೆಯ ಮೇಲೆ ಹೊತ್ತುಕೊಂಡು ಮನೆಗೆ ಬಂದರು! ಅಂಗಡಿಯ ಮುಂದೆ ಬಿದ್ದಿದ್ದ ಅಂಥದೊಂದು ತಟ್ಟೆಯ ಮೇಲೆ ಇವರು ಕಾಲಿಟ್ಟರಂತೆ. ಅದು ಕರಕರ ಎನ್ನುತ್ತ ನಿಧಾನ ಕುಸಿದು, ಕಾಲನ್ನು ಮೆಲ್ಲಗೆ ನೆಲಕ್ಕೆ ಮುಟ್ಟಿಸಿತಂತೆ. ಅಷ್ಟಕ್ಕೇ ಇವರಿಗೆ ಜ್ಞಾನೋದಯ!

ಬೀಗತಿ, ಅಂದರೆ ಅವರ ಹೆಂಡತಿ, ನನಗೆ ಫೋನು ಮಾಡಿ ಅತ್ತರು. ಗಂಡನ ತಾಟನ್ನು ಕಟ್ಟೆಯ ಮೇಲೆ ಇಟ್ಟಿದ್ದೇನೆ, ಒಳಗೆ ಬಿಟ್ಟುಕೊಂಡಿಲ್ಲ ಎಂದರು. ಹಿಂದಿನಿಂದ ಬೀಗರ ದನಿ ಕೇಳುತ್ತಿತ್ತು:

“ತತ್ತಿ ಎಲ್ಲಿ ತಂದೀನಿ? ಖಾಲಿ ಮನಿ ತಂದೀನಿ.”

“ನಾಳಿ ಕೋಳಿ ತಂದು ಬಾಡಿಗಿಗಿ ಬಂದದ ಅಂತೀರಿ,” ಎಂದು ಬೀಗತಿ ಫೋನು ಹಿಡಿದೇ ಉತ್ತರ ಕೊಟ್ಟರು.

ಕೊನೆಗೆ ಒಂದು ರಾಜಿ ಆಯಿತು. ಒಂದೂ ತತ್ತಿ ಮುಟ್ಟದ, ಕಟ್ಟು ಬಿಚ್ಚದ ಹೊಸ ತಟ್ಟೆಗಳನ್ನು ತರುವುದು. ಅವುಗಳ ಮೇಲೆ ಬೀಗತಿ ವಿಭೂತಿ ಚಿಮುಕಿಸುವುದು. ಆಮೇಲೆ ಹಳೆಯ ಸೀರೆಗಳ ಕೌದಿಯೊಳಗೆ ಅವನ್ನು ಪದರ ಪದರವಾಗಿ ಇಟ್ಟು, ಹೊರಗೆ ಯಾರಿಗೂ ಕಾಣದಂತೆ ಹೊಲಿದುಬಿಡುವುದು. ಸೀರೆಗಳಲ್ಲಿ ಅರ್ಧ ನನ್ನವು, ಬೀಗರು ಕೇಳಿ ಕೇಳಿ ಪ್ರಾಣ ತಿಂದು ಒಯ್ದವು. ಕೌದಿಯ ಕಡೆಯ ಮೂಲೆ ಮುಚ್ಚುವ ಮುಂಚೆ ಒಂದು ಚೂರು ಹೋಳಿಗೆ ಇಡುವುದು ನಮ್ಮ ಕಡೆಯ ಪದ್ಧತಿ, ಕೌದಿ ಹಸಿದಿರಬಾರದು. ಬೀಗತಿ ಪದ್ಧತಿ ಬಿಡುವವರಲ್ಲ. ಎಲ್ಲ ಕೌದಿಗೂ ಹೋಳಿಗೆ ಉಣಿಸಿದರು. ಮೂರನೆಯ ದಿನ ಸುರಪುರದ ಇರುವೆಗಳೆಲ್ಲ ಜೀಪು ಹತ್ತಿದವು! ಇರುವೆ ಓಡಿಸಲು ಅರಿಶಿನ, ಅರಿಶಿನದ ಕಲೆ ತೆಗೆಯಲು ಸಾಬೂನು, ಸಾಬೂನಿನ ನೀರಿಗೆ ರಟ್ಟು ತೊಯ್ದು ಮೆತ್ತಗಾಗಿ, ಎಲ್ಲವನ್ನೂ ಬಿಚ್ಚಿ ಮತ್ತೆ ಮೊದಲಿನಿಂದ. ಬಾಣಂತಿ ಹೊರಡಬೇಕಾದ ಐದನೇ ತಿಂಗಳು ಕಳೆದೇ ಹೋಯಿತು. ಮೊಮ್ಮಗಳು ಇನ್ನಷ್ಟು ದಿನ ನನ್ನ ಮಡಿಲಲ್ಲಿ ಉಳಿದಳಲ್ಲ ಎಂದು ನಾನು ಇರುವೆಗಳಿಗೆ ಒಳಗೊಳಗೇ ಕೈ ಮುಗಿದೆ ಎನ್ನಿ.

ಆದರೆ ಒಂದು ವಿಷಯಕ್ಕೆ ಮಾತ್ರ ಅವರ ಮೇಲೆ ನನಗೆ ಸಿಟ್ಟು ಇಳಿದಿರಲಿಲ್ಲ. ಹೆಸರಿಡುವ ದಿನ, ಓಣಿಯ ಹೆಂಗಸರೆಲ್ಲ ಅಂಗಳದಲ್ಲಿ ನೆರೆದಿರುವಾಗ, ಬೀಗರು ನನ್ನನ್ನು ಜೀಪಿನ ಹಿಂದಿನ ಸೀಟಿನಲ್ಲಿ ಕೂಡಿಸಿದರು. ಕಾರಣ ಹೇಳಲಿಲ್ಲ. ಒಂದು ಹುರಿ ತೆಗೆದು ಸೀಟಿನಿಂದ ನನ್ನ ಹಣೆಯವರೆಗೆ ಹಿಡಿದು ಗಂಟು ಹಾಕಿದರು. ಮುಂದೆ ಬಾಗ್ರಿ ಎಂದರು, ಬಾಗಿದೆ. ಮತ್ತೊಂದು ಗಂಟು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಯಾಕೆಂದು ಬಲ್ಲವರು ಬಲ್ಲರು: ನಮ್ಮಲ್ಲಿ ಸತ್ತವರನ್ನು ಕೂಡಿಸಿ ಮಣ್ಣು ಮಾಡುತ್ತೇವೆ. ಮನುಷ್ಯರನ್ನು ಕೂಡಿಸಿ ಎತ್ತರ ಅಳೆಯುವುದು ಆ ಒಂದು ಕೆಲಸಕ್ಕೆ ಮಾತ್ರ!

“ಏನ್ರಿ ಬೀಗರ, ಈಗಽ ಕುಣಿ ತೋಡಸಾಕತ್ತೀರೇನು? ನಾ ಇನ್ನಾ ಮೊಮ್ಮಗಳ ಮದಿವಿ ನೋಡಾಕಿ ಇದ್ದೀನಿ.”

ಅವರು ಹುರಿ ಸುತ್ತಿ ಜೇಬಿನಲ್ಲಿಟ್ಟುಕೊಂಡು, “ಅದಕ್ಕಽ ರೀ,” ಎಂದು ಹೊರಟೇಹೋದರು. ಇದೆಂಥ ಮಾತು? ನಾನು ವಾರಗಟ್ಟಲೆ ಕುದಿದೆ.

ಅಂತೂ ಹೊರಡುವ ದಿನ ಬಂತು. ಬೀಗರು ಇಸ್ತ್ರಿ ಮಾಡಿದ ಧೋತರ ಉಟ್ಟು ಜೀಪು ತಂದರು. ಹಿಂದಿನ ಸೀಟಿನ ನಡುವೆ ಕೂಸಿಗೆಂದು ಬಿದಿರಿನ ಬುಟ್ಟಿ, ಬುಟ್ಟಿಯ ಸುತ್ತ ಕೌದಿ, ಬುಟ್ಟಿಗೆ ಪಟ್ಟಿ, ಕೂಸಿಗೆ ಪಟ್ಟಿ. ಬದಿಗೆ ಮಗಳಿಗೂ ನನಗೂ ಪಟ್ಟಿ. ನಾನು ಕೂಸನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತೇನೆ ಎಂದರೆ ಜೀಪು ಶುರುವೇ ಮಾಡಲಿಲ್ಲ. ಮೊಮ್ಮಗಳನ್ನು ಮುಟ್ಟದೆ ಕೂಡುವ ಅಜ್ಜಿ ಎಲ್ಲಾದರೂ ಉಂಟೇ! ಜೀಪು ಎತ್ತಿನ ಬಂಡಿಗಿಂತ ಸ್ವಲ್ಪ ಜೋರಾಗಿ ಹೊರಟಿತು. ದಾರಿಯುದ್ದಕ್ಕೂ ಬೀಗರ ಉಪದೇಶ. ಎದುರಿನ ಟ್ರ್ಯಾಕ್ಟರಿನವನು ಸರಿಯಿಲ್ಲ, ಮೋಟಾರ್ ಸೈಕಲ್ ಹುಡುಗರು ಸರಿಯಿಲ್ಲ, ಎಮ್ಮೆಗಳಿಗೂ ರಸ್ತೆಯ ರೀತಿ ಗೊತ್ತಿಲ್ಲ. ಲೋಕದಲ್ಲಿ ಸರಿ ಇರುವವರು ಯಾರು? ಕನ್ನಡಿಯಲ್ಲಿ ಕಾಣುತ್ತಿದ್ದರು.

ಸುರಪುರ ಇನ್ನೇನು ಬಂತು ಎನ್ನುವಾಗ ಕೂಸಿಗೆ ಬಿಕ್ಕಳಿಕೆ ಬಂತು. ಮಗಳು ಬುಟ್ಟಿಯ ಮೇಲೆ ಕೈಯಿಟ್ಟು ತಟ್ಟತೊಡಗಿದಳು. ನಾನು ನನ್ನ ಪಟ್ಟಿ ಸಡಿಲ ಮಾಡಿ ಬುಟ್ಟಿಯ ಕಡೆ ಬಾಗಿದೆ. “ಅವ್ವ, ಸುಮ್ಮ ಕೂಡು,” ಎಂದಳು. ಬಿಕ್ಕುವ ಮೊಮ್ಮಗಳ ಮುಂದೆ ಸುಮ್ಮನೆ ಕೂಡುವುದೇ? ಅಷ್ಟರಲ್ಲಿ ತಿರುವು. ತಿರುವಿನಾಚೆ ರಸ್ತೆಯ ತುಂಬ ಸಜ್ಜೆಯ ತೆನೆ ಹರಡಿತ್ತು. ಹೋಗಿ ಬರುವ ಗಾಡಿಗಳ ಗಾಲಿಗೆ ಸಿಕ್ಕು ಕಾಳು ತಾನೇ ಉದುರಲಿ ಎಂದು ನಮ್ಮ ಕಡೆ ಒಕ್ಕುವುದೇ ಹೀಗೆ. ಬೀಗರು ಬ್ರೇಕು ಒತ್ತಿದರು. ಗಾಲಿಯ ಕೆಳಗೆ ಕಾಳು ಉರುಳಿ, ಜೀಪು ಎಣ್ಣೆ ಸುರಿದ ಬಂಡೆಯ ಮೇಲೆ ಹೋದಂತೆ ಜಾರಿ, ಕಾಲುವೆ ಸೇತುವೆಯ ಕಲ್ಲುಕಟ್ಟೆಗೆ ಧಡ್ ಎಂದು ಹೊಡೆಯಿತು.

ನನ್ನ ಹಣೆ ಮುಂದಿನ ಸೀಟಿಗೆ ಹೋಗಿ ಬಡಿಯಿತು. ಒಳಗೆ ಕರಕರ ಎಂದಿತು. ನನ್ನ ಬುರುಡೆಯೇ ಎಂದುಕೊಂಡೆ. ಮುಖ ಎತ್ತಿದರೆ ಮೂಗಿಗೆ ಹತ್ತಿದ್ದು ನನ್ನದೇ ಹಳೆಯ ಇಳಕಲ್ ಸೀರೆ. ಕುಸಿದದ್ದು ತತ್ತಿಯ ತಟ್ಟೆ. ಹಣೆಯ ಮೇಲೆ ಕುಂಕುಮ ಅಳಿಸಿತ್ತು, ಅಷ್ಟೇ. ಮಗಳು ಬುಟ್ಟಿಯನ್ನು ತಬ್ಬಿಕೊಂಡು ಕೂತಿದ್ದಳು. ಬುಟ್ಟಿಯೊಳಗೆ ನಮ್ಮ ಮಹಾರಾಣಿ ಕಣ್ಣು ಬಿಟ್ಟು ನೋಡಿ, ಆಕಳಿಸಿದಳು. ಬಿಕ್ಕಳಿಕೆ ನಿಂತಿತ್ತು!

ಬೀಗರು ಕೆಳಗೆ ಜಿಗಿದು, ಕೂಸಿನ ನೆತ್ತಿ ಮುಟ್ಟಿ ನೋಡಿ, ಆಮೇಲೆ ರಸ್ತೆಯ ಕಡೆ ತಿರುಗಿ ಗುಡುಗಿದರು. “ಯಾವ ಬುದ್ಧಿಗೇಡಿ ಹಾಕ್ಯಾನ ಈ ಸಜ್ಜಿ?”

ಬೇವಿನ ನೆರಳಲ್ಲಿ ಕೂತಿದ್ದ ಕೂಲಿಯ ಹೆಣ್ಣುಮಗಳು ಎದ್ದು ನಿಂತು ಮೆತ್ತಗೆ ಹೇಳಿದಳು:

“ನಿಮ್ಮದಽ ರೀ ಧಣಿ. ಮುಂಜಾನಿ ನೀವಽ ಹಾಕು ಅಂದು ಹೋದ್ರಲ್ರಿ.”

ಹೌದು! ಎಡಕ್ಕೆ ಬೀಗರದೇ ಹೊಲ. ಸರಕಾರ ಡಾಂಬರು ಹಾಕಿ ಕಣ ಮಾಡಿಕೊಟ್ಟಿದೆ ಎಂದು ವರ್ಷವೂ ರಸ್ತೆಯ ಮೇಲೇ ಒಕ್ಕುವ ಆಸಾಮಿ. ಇಡೀ ಲೋಕದ ತಪ್ಪಿಗೆ ಕೌದಿ ಹೊಲಿಸಿದವರು ತಮ್ಮದೇ ಸಜ್ಜೆಯ ಮೇಲೆ ಜಾರಿದ್ದರು! ಇಷ್ಟು ತಿಂಗಳ ಸಿಟ್ಟೆಲ್ಲ ಒಟ್ಟು ಸೇರಿ ನನ್ನ ನಾಲಿಗೆಯ ತುದಿಗೆ ಬಂತು. ಬೈಯಬೇಕೆಂದು ಇಳಿದೆ. ನೋಡಿದರೆ ಅವರು ಹಿಂದಿನ ಬಾಗಿಲಲ್ಲಿ ನಿಂತು, ನನ್ನ ಹಣೆ ಬಿದ್ದ ಜಾಗದ ಗುಳಿಯನ್ನು ಕೈಯಿಂದ ಸವರುತ್ತಿದ್ದರು. ಅದರ ಪಕ್ಕಕ್ಕೇ ಆ ಹುರಿ ಕಟ್ಟಿತ್ತು. ಎರಡನೆಯ ಗಂಟು, ನಾನು ಬಾಗಿದಾಗ ಹಾಕಿದ್ದು, ಬರೋಬ್ಬರಿ ಗುಳಿಯ ಮಟ್ಟಕ್ಕೆ.

“ಕೂಸು ಬುಟ್ಟ್ಯಾಗ ಇರತದ್ರಿ ಅಕ್ಕಾರ. ನೀವು ಸುಮ್ಮ ಕೂಡೋರಲ್ಲ, ಆಕಿ ಕಡೆ ಬಾಗೋರು. ಅದಕ್ಕಽ ಇಲ್ಲಿ ಎರಡು ಪದರ ಹಾಕಿಸೀನಿ.” ಅವರು ಗಂಟಿನ ಮೇಲೆ ಬೆರಳಿಟ್ಟರು. “ಆಕಿಗಿ ಅಜ್ಜಿ ಬೇಕಲ್ರಿ.”

ಬೈಯಲು ಇಳಿದವಳು ಆ ಹುರಿಯನ್ನು ಸೀಟಿನಿಂದ ಬಿಚ್ಚಿಕೊಂಡೆ.

ಬೀಗರು ಧೋತರ ಮೇಲೆ ಕಟ್ಟಿ, ಬೇವಿನ ಬುಡದಲ್ಲಿದ್ದ ಕಸಬರಿಗೆ ತೆಗೆದುಕೊಂಡು ರಸ್ತೆ ಗುಡಿಸತೊಡಗಿದರು. ಕೂಲಿಯವಳು ತಡೆದರೂ ಬಿಡಲಿಲ್ಲ. ಮಗಳು ಬುಟ್ಟಿಯೊಂದಿಗೆ ನೆರಳಲ್ಲಿ ಕೂತಳು, ನಾನೂ ಒಂದು ಕಸಬರಿಗೆ ಹಿಡಿದೆ. ಬೀಗರೂ, ಅವರ ಬೀಗತಿಯಾದ ನಾನೂ ಜೊತೆಗೂಡಿ ರಸ್ತೆ ಗುಡಿಸಿದ್ದನ್ನು ಯಾರು ಕಂಡಿದ್ದಾರೆ! ಕರಿ ಡಾಂಬರು ಕಾಣುವತನಕ ಗುಡಿಸಿದೆವು. ಅತ್ತ ಸುರಪುರದ ಮನೆಯ ಬಾಗಿಲಲ್ಲಿ ಆರತಿ ತಾಟು ಹಿಡಿದು ನಿಂತ ನಮ್ಮ ಬೀಗತಿಯ ಕೈ ಸೋತುಹೋಗಿತ್ತಂತೆ.

ಆ ಹುರಿಯನ್ನು ನಾನು ಬಿಚ್ಚಿಕೊಂಡು ತಂದಿದ್ದೇನೆ. ಜೋಳದ ಡಬ್ಬಿಯ ಹಿಂದೆ ಮೊಳೆಗೆ ತೂಗುಹಾಕಿದ್ದೇನೆ. ಮೊಮ್ಮಗಳು ಎದ್ದು ಕೂಡುವಂತಾದಾಗ ಅವಳನ್ನು ಅದಕ್ಕೇ ಹಿಡಿದು ಅಳೆಯಬೇಕು. ಕೂಡಿಸಿ ಅಳೆಯಬಾರದು ಎನ್ನುವವರು ಎನ್ನಲಿ. ನನ್ನ ಗಂಟಿನ ಎತ್ತರಕ್ಕೆ ಅವಳು ಯಾವಾಗ ಬರುತ್ತಾಳೋ ನೋಡಬೇಕು. ನೋಡಲು ನಾನಿರಬೇಕು.