ನನಗೆ ಸಿಕ್ಕ ಸಣ್ಣ ಖಾತೆ

ಸಿಂಚನಾ, ತೇಜಸ್, ಮೊನ್ನೆ ಪರೀಕ್ಷೆಗೆ ಓದುತ್ತಾ ಕೂತವರು ಫೋನ್ ಮಾಡಿ, “ಅಜ್ಜಿ, ಸಮ್ಮಿಶ್ರ ಸರ್ಕಾರ ಅಂದ್ರೆ ಏನು?” ಎಂದು ಕೇಳಿದಿರಿ. “ನಿಮ್ಮಪ್ಪನ್ನ ಕೇಳ್ರಿ” ಎಂದು ಫೋನ್ ಇಟ್ಟುಬಿಟ್ಟೆ. ಗೊತ್ತಿಲ್ಲದೆ ಇಟ್ಟದ್ದಲ್ಲ. ಗೊತ್ತಿರುವುದನ್ನು ಬಾಯಿಬಿಟ್ಟು ಹೇಳುವುದು ನನಗೆ ಯಾವತ್ತೂ ಕೂಡಿಬಂದಿಲ್ಲ. ಹೊಸಬಾಳೆಯ ಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿದೆ. ಮೇಷ್ಟ್ರು ಪ್ರಶ್ನೆ ಕೇಳಿದರೆ ಉತ್ತರವನ್ನು ಸ್ಲೇಟಿನ ಮೇಲೆ ಬರೆದು ಎತ್ತಿ ತೋರಿಸುತ್ತಿದ್ದೆ. “ನಿನಗೆ ನಾಲಿಗೆ ಇದೆಯೋ ಇಲ್ಲವೋ ನೋಡ್ಬೇಕು, ಆ ಅನ್ನು” ಎಂದು ಅವರು ಒಮ್ಮೆ ಗದರಿಸಿದರು. ನಾನು ಬಾಯಿ ತೆರೆದೆ, ಆದರೆ ‘ಆ’ ಅನ್ನಲಿಲ್ಲ. ಇಂಥವಳು ಸಮ್ಮಿಶ್ರ ಸರ್ಕಾರದ ದೆಸೆಯಿಂದ ಸಿಟ್ಟು ಮಾಡಿಕೊಂಡು, ಮನೆ ಬಿಟ್ಟು ಹೋದ ಕತೆ ಇದು.

ನಿಮ್ಮ ಅಜ್ಜ ತೀರಿಕೊಂಡ ವರ್ಷವೇ ಬೆಂಗಳೂರಿನಲ್ಲಿ ಎರಡು ಪಕ್ಷಗಳು ಸೇರಿಕೊಂಡು ಸರ್ಕಾರ ಮಾಡಿದ್ದವಂತೆ. ‘ಅಂತೆ’ ಎನ್ನುತ್ತೇನೆ, ಏಕೆಂದರೆ ಆ ವರ್ಷ ನಾನು ಪೇಪರು ಓದಲಿಲ್ಲ, ಟೀವಿಯ ಮೇಲೆ ಹೊದಿಸಿದ್ದ ಬಟ್ಟೆ ತೆಗೆಯಲಿಲ್ಲ. ನಮ್ಮದು ಶಿಕಾರಿಪುರದಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ಹಳ್ಳಿ. ಒಂದೇ ಮನೆಯನ್ನು ಎರಡು ಮಾಡಿಕೊಂಡಿದ್ದೆವು. ಈ ಕಡೆ ನಾನು, ಆ ಕಡೆ ನನ್ನ ಮೈದುನ, ಅಂದರೆ ನಿಮ್ಮ ರುದ್ರೇಶಜ್ಜ, ಮತ್ತು ಅವನ ಹೆಂಡತಿ ಗಿರಿಜಾ. ನಡುವಿನ ಗೋಡೆ ಕಟ್ಟುತ್ತಿದ್ದ ಗೌಂಡಿ ಆಳೆತ್ತರ ಏರಿಸಿ, ಬೇರೆ ಕೆಲಸ ಸಿಕ್ಕಿತೆಂದು ಹೋದವನು ತಿರುಗಿ ಬರಲೇ ಇಲ್ಲ. ಹಾಗಾಗಿ ಅವರ ಒಗ್ಗರಣೆಗೆ ನಾನು ಸೀನುತ್ತಿದ್ದೆ, ನನ್ನ ಸೀನಿಗೆ ಗಿರಿಜಾ ಆ ಕಡೆಯಿಂದ “ನೂರು ವರ್ಷ ಅಕ್ಕ” ಎನ್ನುತ್ತಿದ್ದಳು.

ಅಜ್ಜನ ಹೆಸರಿನಲ್ಲಿ ಮೂರು ಎಕರೆ ಮೆಕ್ಕೆಜೋಳದ ಹೊಲವಿತ್ತು. ತೀರಿಕೊಂಡವರ ಹೆಸರಿನಿಂದ ಜಮೀನು ಮನೆಯವರ ಹೆಸರಿಗೆ ಬರುವುದಕ್ಕೆ ಪೌತಿ ಖಾತೆ ಎನ್ನುತ್ತಾರೆ. ನಿಮ್ಮ ಅಮ್ಮ ಆಗ ಶಿವಮೊಗ್ಗದ ಹಾಸ್ಟೆಲಿನಲ್ಲಿದ್ದು ಕಾಲೇಜಿಗೆ ಹೋಗುತ್ತಿದ್ದಳು. ಆ ಹೊಲ ನನ್ನ ಕೈಗೆ ಬಾರದಿದ್ದರೆ ಅವಳ ಓದು ಅಲ್ಲಿಗೇ ನಿಲ್ಲುತ್ತಿತ್ತು. ರುದ್ರೇಶ, “ಅತ್ತಿಗೆ, ನೀವು ಕಚೇರಿಗೆ ಅಲೀಬ್ಯಾಡ್ರಿ, ಖಾತೆ ಕೆಲಸ ನಾ ನೋಡ್ಕೊಂತೀನಿ” ಎಂದಿದ್ದ. ನಾನು ತಲೆಯಾಡಿಸಿದ್ದೆ. ಆಮೇಲೆ ಏನಾಯಿತೆಂದು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಕೇಳಿದರೆ ನಂಬಿಕೆಯಿಲ್ಲ ಅಂದುಕೊಂಡಾನು ಎಂಬ ಸಂಕೋಚ.

ಒಂದು ಸಂಜೆ ಹಾಲು ಕಾಯಿಸುತ್ತಿದ್ದೆ. ಗೋಡೆಯ ಆ ಕಡೆಯಿಂದ ಗಿರಿಜಾಳ ಮಾತು ಕೇಳಿತು.

“ಅಷ್ಟು ದೊಡ್ಡ ಖಾತೆ ಅವರಿಗ್ಯಾಕ್ರಿ? ಅವರ ಕಡೆ ಇರೋರೇ ಎಷ್ಟು ಮಂದಿ?”

“ಕೊಡದಿದ್ರ ಬಿಟ್ಟು ಹೋಗ್ತಾರ ನೋಡು” ಎಂದ ರುದ್ರೇಶ.

“ಹೋದ್ರ ಹೋಗ್ಲಿ ಬಿಡ್ರಿ. ಇಲ್ಲಾಂದ್ರ ಯಾವ್ದಾದ್ರೂ ಸಣ್ಣ ಖಾತೆ ಕೊಟ್ಟು ಮೂಲ್ಯಾಗ ಕೂರ್ಸಿದ್ರಾತು.”

ನನ್ನ ಹಾಲು ಉಕ್ಕಿ ಒಲೆಗೆ ಬಿತ್ತು. ನನ್ನ ಕಡೆ ಇರುವವರು ಎಷ್ಟು ಮಂದಿ ಎಂದು ಎಣಿಸಿದೆ: ನಾನು, ನನ್ನ ಮಗಳು. ಇನ್ನು ಸಣ್ಣ ಖಾತೆ ಯಾವುದೆಂದು ಹುಡುಕುವ ಕಷ್ಟವೇ ಇರಲಿಲ್ಲ. ನಮ್ಮ ಹೊಲದ ಮೂಲೆಯಲ್ಲಿ ಹತ್ತು ಗುಂಟೆ ಕಲ್ಲುಬಂಡೆ ಇದೆ. ಅದರ ಮೇಲೆ ಹಪ್ಪಳ ಒಣಗಿಸಬಹುದೇ ಹೊರತು ಮಗಳನ್ನು ಓದಿಸಲಾಗದು. ನಗುತ್ತಲೇ ಮಾತನಾಡುವ ಗಿರಿಜಾಳ ಹೊಟ್ಟೆಯಲ್ಲಿ ಇಷ್ಟೆಲ್ಲಾ ಇತ್ತೇ ಎಂದು ನನಗೆ ಅಳು ಬಂತು.

ಬೇರೆ ಯಾರಾದರೂ ಆಗಿದ್ದರೆ ಗೋಡೆಯ ಈ ಕಡೆಯಿಂದಲೇ, “ಯಾರಿಗೇ ಸಣ್ಣ ಖಾತೆ?” ಎಂದು ಕೇಳಿ, ಎರಡು ನಿಮಿಷದಲ್ಲಿ ವಿಷಯ ಮುಗಿಸುತ್ತಿದ್ದರು. ನಾನು ಬೆಳಿಗ್ಗೆ ಚೀಲಕ್ಕೆ ಎರಡು ಸೀರೆ ತುಂಬಿಕೊಂಡು, “ನಮ್ಮಣ್ಣನಿಗೆ ಜ್ವರವಂತೆ” ಎಂದು ಗಿರಿಜಾಳಿಗೆ ಸುಳ್ಳು ಹೇಳಿ, ಶಿರಾಳಕೊಪ್ಪದ ಮೇಲೆ ಸೊರಬದ ಬಸ್ಸು ಹಿಡಿದು ಹೊಸಬಾಳೆಯ ತವರಿಗೆ ಹೋದೆ.

ನಮ್ಮ ಬಸಣ್ಣ ಹೋಟೆಲಿನಲ್ಲಿ ಒಂದು ಚಾ ಕುಡಿಯಲು ಮೂರು ಪೇಪರು ಓದುವ ಮನುಷ್ಯ. “ಏನೇ ತಂಗಿ, ಇದ್ದಕ್ಕಿದ್ದ ಹಾಗೆ?” ಎಂದ. ನಾನು ಬಸ್ಸಿನುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲಾ ಬಾಗಿಲಲ್ಲೇ ಕರಗಿತು. “ದೊಡ್ಡ ಖಾತೆ ಕೊಡೋದಿಲ್ವಂತೆ ಅಣ್ಣ” ಎಂದೆ, ಅಷ್ಟೇ.

“ಕೊಡದೆ ಎಲ್ಲಿಗೆ ಹೋಗ್ತಾರೆ ಮಾರಾಯ್ತಿ? ಬೆಂಬಲ ವಾಪಸ್ ತಗಂಡ್ರೆ ಇವರ ಆಟ ಮುಗೀತಲ್ದಾ? ನೀ ಸುಮ್ನಿರು, ಎರಡು ದಿನದಲ್ಲಿ ಅವರೇ ಹುಡುಕ್ಕಂಡು ಬರ್ತಾರೆ.”

ಅಣ್ಣನಿಗೆ ಇಷ್ಟು ಬೇಗ ಅರ್ಥವಾಯಿತಲ್ಲ ಎಂದು ಸಮಾಧಾನವಾಯಿತು. ವಿಧವೆ ತಂಗಿಯ ಪರವಾಗಿ ಇಷ್ಟು ಆವೇಶದಿಂದ ನಿಲ್ಲುವ ಅಣ್ಣ ಎಷ್ಟು ಜನಕ್ಕೆ ಇರುತ್ತಾನೆ ಎಂದು ಎರಡು ದಿನ ಅವನಿಗೆ ಇಷ್ಟವಾದ ಕಡುಬು ಮಾಡಿ ಹಾಕಿದೆ.

ಮೂರನೆಯ ದಿನ ರುದ್ರೇಶ ನಿಜಕ್ಕೂ ಹುಡುಕಿಕೊಂಡು ಬಂದ. ಕೈಯಲ್ಲಿ ಬ್ರೆಡ್ಡು, ಮೋಸಂಬಿ. ಬಸಣ್ಣ ಅಂಗಳದಲ್ಲಿ ಸೌದೆ ಒಡೆಯುತ್ತಿದ್ದ.

“ಜ್ವರದಾಗ ಕೊಡ್ಲಿ ಹಿಡೀಬಾರದ್ರಿ ಬೀಗರೆ” ಎಂದ ರುದ್ರೇಶ.

“ಯಾರಿಗೆ ಜ್ವರ?” ಎಂದ ಬಸಣ್ಣ.

ನಾನು ಬಾಗಿಲ ಹಿಂದೆ ಸರಿದೆ. ರುದ್ರೇಶ ಜಗಲಿಯ ಮೇಲೆ ಕೂತು ಚೀಲದಿಂದ ಒಂದು ಕಾಗದ ತೆಗೆದ. “ಅತ್ತಿಗೆ, ಒಂದು ಸಹಿ ಬೇಕಾಗಿತ್ರಿ. ನೀವು ಇಲ್ಲಿಗೆ ಬಂದ್ಬಿಟ್ರಿ.”

ಬಂಡೆಯ ಕಾಗದ ಬಂತು ಎಂದುಕೊಂಡೆ. ಮಗಳ ಮುಖ ಕಣ್ಣ ಮುಂದೆ ಬಂತು. ಮೇಷ್ಟ್ರ ಮುಂದೆ ಅನ್ನದೆ ಉಳಿದ ‘ಆ’ ಅವತ್ತು ಎಲ್ಲಿಂದ ಬಂತೋ, ಬಾಗಿಲ ಹಿಂದಿನಿಂದಲೇ ಅಂದೆ: “ಆ ಬಂಡೆ ನನಗೆ ಬ್ಯಾಡ ರುದ್ರೇಶ. ಸಣ್ಣ ಖಾತೆ ಕೊಟ್ಟು ನನ್ನನ್ನ ಮೂಲೆಗೆ ಕೂರಿಸಬ್ಯಾಡ್ರಿ. ಹುಡುಗಿ ಓದಬೇಕು.”

ರುದ್ರೇಶ ನಿಧಾನವಾಗಿ ಕೇಳಿದ, “ಯಾವ ಬಂಡೆ ಅತ್ತಿಗೆ? ಯಾರು ಕೂರಿಸ್ತಾರ?”

ಗಿರಿಜಾ ಅಂದದ್ದನ್ನು ಹಾಗೇ ಒಪ್ಪಿಸಿದೆ. ಅವನು ಕೇಳುತ್ತಾ ಕೇಳುತ್ತಾ ಹಣೆಗೆ ಕೈ ಹಚ್ಚಿದ. “ಅಯ್ಯೋ ಅತ್ತಿಗೆ, ಅದು ಟೀವಿಯೊಳಗಿನ ಮಾತ್ರಿ. ಮಂತ್ರಿಗಳ ಖಾತೆ. ಯಾರಿಗೆ ಕಂದಾಯ, ಯಾರಿಗೆ ನೀರಾವರಿ ಅಂತ ಅವರು ಬಡಿದಾಡಾಕ ಹತ್ಯಾರ. ನಿಮ್ಮ ಖಾತೆ ಇಲ್ಲೈತಿ ನೋಡ್ರಿ.”

ಮೂರು ಎಕರೆಯೂ ನನ್ನ ಹೆಸರಿಗೆ ಎಂದು ಅರ್ಜಿಯಲ್ಲಿ ಬರೆದಿತ್ತು. ತನ್ನದೇನೂ ತಕರಾರಿಲ್ಲ ಎಂದು ಕೆಳಗೆ ರುದ್ರೇಶನ ಸಹಿಯೂ ಇತ್ತು, ನಾನು ಬಸ್ಸು ಹತ್ತುವ ಎಷ್ಟೋ ದಿನ ಮೊದಲೇ ಹಾಕಿದ್ದು.

“ಹಂಗಾರೆ ನೀ ಮೊನ್ನೆ ಹೇಳಿದ್ದು ಮಂತ್ರಿಗಳ ವಿಷಯ ಅಲ್ದನೇ?” ಎಂದ ಬಸಣ್ಣ ಕೊಡಲಿ ಇಟ್ಟು. ನನ್ನ ಎರಡು ದಿನದ ಕಡುಬು ಯಾವ ಪಕ್ಷಕ್ಕೆ ಹೋಯಿತೆಂದು ಆಗ ತಿಳಿಯಿತು.

ಇಷ್ಟಾದ ಮೇಲೆ ಇಬ್ಬರೂ ನನ್ನನ್ನು ಸಮಾಧಾನ ಮಾಡುತ್ತಾರೆಂದುಕೊಂಡರೆ, ಬಸಣ್ಣ, “ಅಲ್ಲ ಬೀಗರೆ, ಕಂದಾಯ ಅವರಿಗೆ ಹೆಂಗೆ ಕೊಡ್ತ್ರಿ?” ಎಂದು ಶುರು ಮಾಡಿದ. ಅವನದು ಸರ್ಕಾರದ ಒಂದು ಪಕ್ಷ, ಇವನದು ಇನ್ನೊಂದು. ರುದ್ರೇಶ ಮೋಸಂಬಿ ತೆಗೆದು ಜಗಲಿಯ ಮೇಲೆ ಸಾಲಾಗಿಟ್ಟ. ದೊಡ್ಡದು ಕಂದಾಯ, ಅದರ ಪಕ್ಕದ್ದು ನೀರಾವರಿ, ಸ್ವಲ್ಪ ಕೊಳೆತದ್ದು ಯುವಜನ ಸೇವೆ. ಬಸಣ್ಣ ಕಂದಾಯವನ್ನು ತನ್ನ ಕಡೆ ಎಳೆದುಕೊಂಡ. ರುದ್ರೇಶ ಬದಲಿಗೆ ಎರಡು ಬ್ರೆಡ್ಡು ಕೊಟ್ಟು ಓಲೈಸಿದ. ಮಂತ್ರಿಮಂಡಲ ಮುಗಿಯುವ ಲಕ್ಷಣ ಕಾಣಲಿಲ್ಲ. ನಾನು ಹೊರಗೆ ಬಂದು, ರುದ್ರೇಶನ ಜೇಬಿನಿಂದ ಪೆನ್ನು ತೆಗೆದುಕೊಂಡು, ನೀರಾವರಿಯ ಪಕ್ಕದಲ್ಲಿದ್ದ ಕಾಗದಕ್ಕೆ ಸಹಿ ಹಾಕಿದೆ. “ಸಹಿ ಆಯ್ತು” ಎಂದೆ. ಯಾರಿಗೂ ಕೇಳಿಸಲಿಲ್ಲ.

ಆ ಸರ್ಕಾರ ಬಹಳ ದಿನ ಬಾಳಲಿಲ್ಲ. ಖಾತೆ ನನ್ನ ಹೆಸರಿಗೆ ಬಂತು, ನಿಮ್ಮ ಅಮ್ಮ ಓದು ಮುಗಿಸಿ ಟೀಚರಾದಳು. ಗಿರಿಜಾ ಇವತ್ತಿಗೂ, “ಬಂಡೆ ಖಾತೆ ಮಂತ್ರಿಗಳೇ, ಚಾ ಕುಡೀಲಿಕ್ಕೆ ಬರ್ರಿ” ಎಂದು ಕರೆಯುತ್ತಾಳೆ. ಹೋಗಿ ಕುಡಿದು ಬರುತ್ತೇನೆ.

ಒಂದು ಮಾತ್ರ ಉಳಿದುಬಿಟ್ಟಿದೆ ಮಕ್ಕಳೇ. ಅಂಥವನನ್ನು ಅನುಮಾನಿಸಿದೆನಲ್ಲ, ತಪ್ಪಾಯಿತು ಎಂದು ರುದ್ರೇಶನ ಮುಂದೆ ನಾನು ಈವರೆಗೆ ಹೇಳಿಲ್ಲ. ಹೇಳಬೇಕೆಂದು ಎಷ್ಟೋ ಸಲ ಹೋಗಿ, ಮೊಸರಿಗೆ ಹೆಪ್ಪು ಕೇಳಿಕೊಂಡು ಬಂದಿದ್ದೇನೆ. ಅದಕ್ಕೇ ಇಲ್ಲಿ ಬರೆದಿದ್ದೇನೆ. ನಾನು ಕಾಲವಾದ ಮೇಲೆ ಅವನಿಗೆ ಓದಿ ಹೇಳಿ. ಅವನಿಗೆ ಈಗ ಕಿವಿ ಸ್ವಲ್ಪ ಮಂದ, ಸಿಂಚನಾ ಗಟ್ಟಿಯಾಗಿ ಓದಲಿ. ಆದರೆ ನನ್ನ ಆರೋಗ್ಯ ಸದ್ಯಕ್ಕೆ ಚೆನ್ನಾಗಿಯೇ ಇದೆ, ತುಂಬಾ ವರ್ಷ ಕಾಯಬೇಕಾದೀತು. ಅಲ್ಲಿಯವರೆಗೆ ಈ ಹಾಳೆಗಳಿಗೆ ಗೆದ್ದಲು ಹಿಡಿಯದಂತೆ ಜೋಪಾನವಾಗಿ ಇಟ್ಟುಕೊಳ್ಳಿ.